ಹ್ಯಾಮ್ ಸೆಟ್ಟು ವಿಮಾನ ಹತ್ತುವಾಗ

ವಿಮಾನ ನಿಲ್ದಾಣದ ಎಕ್ಸ್-ರೇ ಪರದೆಯಲ್ಲಿ ಲೋಹ ನೀಲಿಯಾಗಿ ಕಾಣುತ್ತದೆ. ಬಟ್ಟೆ, ತಿಂಡಿ, ಪ್ಲಾಸ್ಟಿಕ್ ಕಿತ್ತಳೆಯಾಗಿ. ಸ್ಫೋಟಕಗಳಲ್ಲಿ ಹೆಚ್ಚಿನವು ಕಿತ್ತಳೆ ಗುಂಪಿನವೇ. ಈಗ ಹವ್ಯಾಸಿ ರೇಡಿಯೊದವರೊಬ್ಬರ, ಅಂದರೆ ಹ್ಯಾಮ್ ಒಬ್ಬರ ಬ್ಯಾಗು ಬೆಲ್ಟಿನ ಮೇಲೆ ಬಂತೆನ್ನಿ. ಒಳಗೆ ಸರ್ಕ್ಯೂಟ್ ಬೋರ್ಡು ತುಂಬಿದ ಡಬ್ಬ, ಬ್ಯಾಟರಿ, ಸುರುಳಿ ಸುತ್ತಿದ ವೈರು, ತಾಮ್ರದ ತಂತಿ ಸುತ್ತಿದ ಫೆರೈಟ್ ಬಳೆ. ತಪಾಸಣೆಯವರಿಗೆ ಏನನ್ನು ಹುಡುಕಲು ಕಲಿಸಿರುತ್ತಾರೋ ಹೆಚ್ಚುಕಡಿಮೆ ಅದೇ ಚಿತ್ರ! ಬ್ಯಾಗು ತೆರೆಸಿದರೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಅವರು ಕೇಳುವ ಮೊದಲೇ ಸೆಟ್ಟನ್ನು ಟ್ರೇಯಲ್ಲಿಟ್ಟು, ಪರವಾನಗಿಯ ಪ್ರತಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಜಾಣತನ.

ನಿಜವಾದ ತೊಡಕು ಸೆಟ್ಟಿನದಲ್ಲ, ಬ್ಯಾಟರಿಯದು. ಹ್ಯಾಮ್‌ಗಳು ಬ್ಯಾಟರಿಯನ್ನು ಆಂಪಿಯರ್-ಗಂಟೆಯಲ್ಲಿ ಅಳೆದರೆ ವಿಮಾನದವರು ವ್ಯಾಟ್-ಗಂಟೆಯಲ್ಲಿ ಅಳೆಯುತ್ತಾರೆ. ಲೆಕ್ಕ ಸುಲಭ: ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿ. 12.8 ವೋಲ್ಟಿನ, 6 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ 76.8 ವ್ಯಾಟ್-ಗಂಟೆ. 100ರ ಒಳಗಿದೆ, ಒಯ್ಯಬಹುದು. 12 ಆಂಪಿಯರ್-ಗಂಟೆಯದು 153.6 ಆಗುತ್ತದೆ, 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. 20 ಆಂಪಿಯರ್-ಗಂಟೆಯದು 256. ಅದನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಬಿಡಿ ಲಿಥಿಯಂ ಬ್ಯಾಟರಿ ಯಾವುದೇ ಇರಲಿ, ತುದಿಗಳಿಗೆ ಟೇಪು ಸುತ್ತಿ ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಲ್ಲ.

ಅಪಾಯಕಾರಿ ಎನ್ನುವ ವಸ್ತುವನ್ನು ಪ್ರಯಾಣಿಕರ ನಡುವೆಯೇ ಇಡಿ ಎನ್ನುವುದು ಮೊದಲಿಗೆ ವಿಚಿತ್ರವೆನಿಸುತ್ತದೆ. ಲಿಥಿಯಂ ಸೆಲ್ಲಿನ ಧನ, ಋಣ ಪದರಗಳ ನಡುವೆ ಇರುವುದು ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಪೆಟ್ಟು ಬಿದ್ದೋ ತಯಾರಿಕೆಯ ದೋಷದಿಂದಲೋ ಅದು ಹರಿದರೆ ಒಳಗೇ ಶಾರ್ಟ್ ಆಗಿ ಕಾವೇರುತ್ತದೆ. ಕಾವು ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆ, ಅವು ಇನ್ನಷ್ಟು ಕಾವು ಹುಟ್ಟಿಸುತ್ತವೆ. ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣ ಆವಿಯಾಗಿ ಹೊರಚಿಮ್ಮುತ್ತದೆ. ಕೆಲವು ಬಗೆಯ ಸೆಲ್ಲುಗಳಲ್ಲಿ ಧನಪದರದ ಆಕ್ಸೈಡೇ ಆಮ್ಲಜನಕ ಬಿಡುವುದರಿಂದ ಹೊರಗಿನ ಗಾಳಿ ತಡೆದರೂ ಪ್ರಯೋಜನವಿಲ್ಲ. ಸರಕಿನ ಕೋಣೆಯ ಹ್ಯಾಲಾನ್ ಅನಿಲ ಜ್ವಾಲೆಯನ್ನೇನೋ ನಂದಿಸುತ್ತದೆ, ಆದರೆ ಸೆಲ್ಲಿನ ತಾಪ ಇಳಿಸಲಾರದು. ಪಕ್ಕದ ಸೆಲ್ಲು ಹೊತ್ತಿಕೊಳ್ಳುತ್ತದೆ. ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸಬಹುದು. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಸರಕು ವಿಮಾನವೊಂದರಲ್ಲಿ, ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿದ್ದು ಇಬ್ಬರು ಪೈಲಟ್‌ಗಳೂ ಸತ್ತರು. ಹ್ಯಾಮ್‌ಗಳ ಮೆಚ್ಚಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಆಮ್ಲಜನಕ ಫಾಸ್ಫೇಟಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಹೆಚ್ಚು ಸುರಕ್ಷಿತ. ಆದರೂ ವ್ಯಾಟ್-ಗಂಟೆಯ ಮಿತಿ ಅದಕ್ಕೂ ಒಂದೇ.

ಇಷ್ಟು ಚಿಕ್ಕ ಬ್ಯಾಟರಿಯಲ್ಲಿ ಏನು ಮಾಡಲಾದೀತು? ಬೇಕಾದಷ್ಟು. 100 ವ್ಯಾಟಿನ ಸೆಟ್ಟು ಬಿಟ್ಟು 10 ವ್ಯಾಟಿನದು ಒಯ್ದರೆ ಶಕ್ತಿ ಹತ್ತನೇ ಒಂದಾಯಿತು ಎಂದು ಗಾಬರಿಯಾಗುತ್ತದೆ. ಆದರೆ ಕೇಳುವವರ ಮೀಟರಿನಲ್ಲಿ ಒಂದೊಂದು ಎಸ್-ಅಂಕ ಇಳಿಯಲು ಶಕ್ತಿ ನಾಲ್ಕು ಪಟ್ಟು ಕುಗ್ಗಬೇಕು. ಹಾಗಾಗಿ ನಷ್ಟ ಎರಡು ಅಂಕವೂ ಅಲ್ಲ. ಆಂಟೆನಾ ಅಂತೂ ಹೊರೆಯೇ ಅಲ್ಲ: 14 ಮೆಗಾಹರ್ಟ್ಸ್‌ನ ಅರ್ಧ ತರಂಗಕ್ಕೆ ಸುಮಾರು 10 ಮೀಟರ್ ತೆಳು ವೈರು ಸಾಕು. ಹೋದಲ್ಲಿ ಮರವೊಂದು ಸಿಕ್ಕರೆ ಅದಕ್ಕೇ ಕಟ್ಟಿದರಾಯಿತು. ಭಾರದ ಸೆಟ್ಟುಗಳನ್ನು ಹೊತ್ತುಕೊಂಡು ಹೋಗುವ ಹುಚ್ಚು ನನಗಂತೂ ಅರ್ಥವಾಗಿಲ್ಲ.

ಹಾಗೆಂದು ಸೆಟ್ಟು ಜೊತೆಗೊಯ್ಯುವುದು ಬರೀ ಶೋಕಿಯಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ನೇತೃತ್ವದ ತಂಡ ಹ್ಯಾಮ್ ಸಾಮಗ್ರಿಯೊಂದಿಗೆ ಅಂಡಮಾನಿಗೆ ಹೋಗಿತ್ತು. ಉದ್ದೇಶ, ಜಗತ್ತಿನ ಹ್ಯಾಮ್‌ಗಳಿಗೆ ಅಪರೂಪದ ಆ ದ್ವೀಪದಿಂದ ಸಂಪರ್ಕ ಕೊಡುವುದು. 26ರ ಬೆಳಿಗ್ಗೆ ಸುನಾಮಿ ಬಂತು. ಸಂಪರ್ಕ ವ್ಯವಸ್ಥೆ ಕುಸಿದಾಗ ಪೋರ್ಟ್ ಬ್ಲೇರ್‌ನಿಂದ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದ್ದು ಹವ್ಯಾಸಕ್ಕೆಂದು ಒಯ್ದಿದ್ದ ಅದೇ ಸೆಟ್ಟುಗಳು.

ಹಾರಾಟದಲ್ಲಿ ಮಾತ್ರ ಸೆಟ್ಟು ಬಾಯಿ ಮುಚ್ಚಿಕೊಂಡಿರಬೇಕು. 108ರಿಂದ 118 ಮೆಗಾಹರ್ಟ್ಸ್‌ವರೆಗೆ ವಿಮಾನಕ್ಕೆ ದಾರಿ ತೋರಿಸುವ ಸಂಕೇತಗಳು, 137ರವರೆಗೆ ಪೈಲಟ್‌ಗಳ ಮಾತು. ಹ್ಯಾಮ್‌ಗಳ 144 ಅದರ ಪಕ್ಕದಲ್ಲೇ ಇದೆ. ಕೈಸೆಟ್ಟಿನ ಗುಂಡಿ ಬ್ಯಾಗಿನೊಳಗೆ ಆಕಸ್ಮಿಕವಾಗಿ ಒತ್ತಿಕೊಳ್ಳದಂತೆ ಬ್ಯಾಟರಿ ಕಳಚಿಡುವುದೇ ಒಳ್ಳೆಯದು.

ವಿದೇಶಕ್ಕೆ ಹೊರಟವರಿಗೆ ಇನ್ನೆರಡು ಮಾತು. ಇಲ್ಲಿನ ಪರವಾನಗಿ ಅಲ್ಲಿ ತಾನಾಗಿ ನಡೆಯುವುದಿಲ್ಲ, ಆ ದೇಶದ ಅನುಮತಿಯನ್ನು ಮೊದಲೇ ಪಡೆದುಕೊಳ್ಳಿ. ಹೊರಡುವಾಗಲೇ ಕಸ್ಟಮ್ಸ್‌ನವರಿಗೆ ಸೆಟ್ಟಿನ ಸೀರಿಯಲ್ ನಂಬರ್ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅದಿಲ್ಲದಿದ್ದರೆ ವಾಪಸ್ ಬಂದಾಗ, ಸೆಟ್ಟು ಅಲ್ಲಿ ಕೊಂಡದ್ದಲ್ಲ, ಇಲ್ಲಿಂದಲೇ ಒಯ್ದದ್ದು ಎಂದು ತೋರಿಸುವ ಹೊಣೆ ನಿಮ್ಮದೇ.