ಕೈಗೂ ವಿದ್ಯೆ ಬೇಕು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಊರುಗಳಲ್ಲಿ ಉಳುಕು ತೆಗೆಯುವ ಹಿರಿಯರು, ಬಾಣಂತಿಗೂ ಹಸುಗೂಸಿಗೂ ಎಣ್ಣೆ ನೀವಿ ನೀರೆರೆಯುವ ಅಜ್ಜಿಯರು ಹಿಂದಿನಿಂದಲೂ ಇದ್ದಾರೆ. ಗರಡಿಮನೆಗಳಲ್ಲಿ ಪೈಲ್ವಾನರ ಮೈ ನೀವುವ ಉಸ್ತಾದರಿದ್ದರು. ಈ ವಿದ್ಯೆಗೆ ಶಾಲೆಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಸಂಭಾವನೆಯೆಂದರೆ ಎಲೆಯಡಿಕೆ, ಒಂದಿಷ್ಟು ಕಾಳುಕಡ್ಡಿ. ಅದೇ ಕೆಲಸವು ಇಂದು 'ಮಸಾಜ್ ಥೆರಪಿ' ಎಂಬ ಹೆಸರು ಹೊತ್ತು ಉದ್ಯೋಗವಾಗಿ ಬಂದಿದೆ. ಮೈಸೂರಿನ ಆಯುರ್ವೇದ ಕೇಂದ್ರಗಳಿಗೆ, ಹೋಟೆಲುಗಳಿಗೆ, ಕೊಲ್ಲಿ ರಾಷ್ಟ್ರಗಳಿಗೆ ಕೈ ಪಳಗಿದವರು ಬೇಕಾಗಿದ್ದಾರೆ. ಕೆಲವೇ ವಾರಗಳಲ್ಲಿ ಕಲಿಸಿ ಕೆಲಸ ಕೊಡಿಸುತ್ತೇವೆಂಬ ಜಾಹೀರಾತುಗಳೂ ಬರುತ್ತಿವೆ. ಹತ್ತನೆಯ ತರಗತಿಯನ್ನೋ ಪಿಯುಸಿಯನ್ನೋ ಮುಗಿಸಿದ ಮಕ್ಕಳ ತಂದೆತಾಯಂದಿರು ಎರಡು ಪ್ರಶ್ನೆಗಳನ್ನು ಕೇಳುವುದು ಸಹಜವೇ ಆಗಿದೆ: ಇದು ಮರ್ಯಾದೆಯ ಕೆಲಸವೇ? ಮಗಳನ್ನು ಧೈರ್ಯವಾಗಿ ಕಳುಹಿಸಬಹುದೇ?

ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಅದು ತರಬೇತಿಯಲ್ಲಿ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಕೈಯನ್ನು ಉಪಕರಣಗಳ ಉಪಕರಣವೆಂದು ಬಗೆದನು. ಅನುಭವಕ್ಕೂ ವಿದ್ಯೆಗೂ ಇರುವ ಭೇದವನ್ನು ಅವನು ಬೇರೊಂದೆಡೆ ವಿವೇಚಿಸಿದ್ದಾನೆ. ಹೀಗೆ ಮಾಡಿದರೆ ಹೀಗಾಗುತ್ತದೆ ಎಂಬುದನ್ನು ಅನುಭವಸ್ಥನು ಬಲ್ಲನು. ಏಕೆ ಹಾಗಾಗುತ್ತದೆ ಎಂಬುದನ್ನು ವಿದ್ಯಾವಂತನು ಬಲ್ಲನು. ಆದರೆ ವೈದ್ಯನ ಮುಂದೆ ಬಂದು ಕುಳಿತುಕೊಳ್ಳುವುದು 'ಮನುಷ್ಯಕುಲ'ವಲ್ಲ, ಹೆಸರುಳ್ಳ ಒಬ್ಬ ಮನುಷ್ಯ. ಆದುದರಿಂದ ಅನುಭವವಿಲ್ಲದ ಬರಿಯ ಶಾಸ್ತ್ರಜ್ಞಾನವೂ ಎಡವುತ್ತದೆ. ನೀವುವ ಕೈಗೆ ಇವೆರಡೂ ಬೇಕು. ನಮ್ಮ ಅಜ್ಜಿಯರಲ್ಲಿ ಮೊದಲನೆಯದು ಧಾರಾಳವಾಗಿತ್ತು; ಎರಡನೆಯದನ್ನು ಅವರಿಗೆ ಕೊಡುವವರಿರಲಿಲ್ಲ.

ಆ ಕೊರತೆಯಿಂದ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ಮರದಿಂದ ಬಿದ್ದ ಹುಡುಗನ ಮೊಣಕೈ ಊದಿಕೊಂಡಿದೆ ಎನ್ನೋಣ. ಮೂಳೆ ಮುರಿದಿದೆಯೋ ಇಲ್ಲವೋ ಎಂದು ಎಕ್ಸ್‌ರೇ ತೆಗೆಸುವ ಮೊದಲೇ ಬಿಸಿ ಎಣ್ಣೆ ಹಚ್ಚಿ, ಬಲವಾಗಿ ನೀವಿ, ಎಳೆದು 'ಕೂರಿಸುವ' ರೂಢಿ ನಮ್ಮಲ್ಲಿ ಇಂದಿಗೂ ಇದೆ. ಹೀಗೆ ಮಾಡಿದಾಗ ಪೆಟ್ಟುಬಿದ್ದ ಸ್ನಾಯುವಿನೊಳಗೆ ಮೂಳೆಯೇ ಬೆಳೆದು ಕೀಲು ಸೆಟೆದುಕೊಳ್ಳಬಹುದು. ವೈದ್ಯರು ಇದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಬಿದಿರಿನ ದಬ್ಬೆಯನ್ನು ತೀರಾ ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು, ಬೆರಳುಗಳು ಮಡಚಿದಂತೆಯೇ ಉಳಿದುಬಿಡುವ ಅಪಾಯವೂ ಉಂಟು. ನೀವಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಹುಡುಗನ ಕೈ ಮೊದಲಿನಂತಾಗಲಿಲ್ಲ.

ಬಾಣಂತಿಯ ವಿಷಯವೂ ಹೀಗೆಯೇ. ಹೆರಿಗೆಯ ನಂತರದ ವಾರಗಳಲ್ಲಿ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ನೀವಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಹಸುಗೂಸಿನ ಮೂಗಿಗೆ ಎಣ್ಣೆ ಬಿಡುವ ಪದ್ಧತಿಯಿಂದ ಎಣ್ಣೆಯು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದ, ವಯಸ್ಸಾದವರ ಟೊಳ್ಳಾದ ಮೂಳೆ, ಜ್ವರದ ಮೈ, ಕೀವಾದ ಚರ್ಮ, ಇವೆಲ್ಲವೂ ಕೈಯನ್ನು ತಡೆದು ನಿಲ್ಲಿಸಬೇಕಾದ ಸಂಕೇತಗಳು. ನಾಗಮಂಗಲವು ಕಂಚಿನ ಎರಕಕ್ಕೆ ಹೆಸರಾದ ಊರು. ಎರಕ ಕೆಟ್ಟರೆ ಲೋಹವನ್ನು ಕರಗಿಸಿ ಮತ್ತೆ ಎರೆಯಬಹುದು. ಶಿಷ್ಯನು ಕೆಡಿಸುತ್ತಲೇ ಕಲಿಯಬಹುದು. ಮನುಷ್ಯನ ಮೈಯನ್ನು ಕರಗಿಸಿ ಮತ್ತೆ ಎರೆಯಲಾಗದು. ಆದುದರಿಂದಲೇ ಎಲ್ಲಿ ನೀವಬೇಕು ಎಂಬುದಕ್ಕಿಂತ ಎಲ್ಲಿ ನೀವಬಾರದು ಎಂಬುದೇ ಈ ವಿದ್ಯೆಯ ಮೊದಲನೆಯ ಪಾಠವಾಗಬೇಕು.

ಇನ್ನು ಮರ್ಯಾದೆಯ ಪ್ರಶ್ನೆ. ಇದು ನಮ್ಮ ಕಾಲದಲ್ಲಿ ಮಾತ್ರ ಎದ್ದ ಪ್ರಶ್ನೆಯಲ್ಲ. ೧೮೯೪ರಲ್ಲಿ ಲಂಡನ್ ನಗರದಲ್ಲಿ ಮಸಾಜ್ ಎಂಬ ಹೆಸರಿನಲ್ಲಿ ಅನೈತಿಕ ದಂಧೆ ನಡೆಯುತ್ತಿದೆಯೆಂದು ವೈದ್ಯಪತ್ರಿಕೆಯೊಂದು ಬಹಿರಂಗಪಡಿಸಿದಾಗ, ಪ್ರಾಮಾಣಿಕವಾಗಿ ದುಡಿಯುತ್ತಿದ್ದವರ ಮೇಲೂ ಕಳಂಕ ಬಿತ್ತು. ಆಗ ನಾಲ್ವರು ದಾದಿಯರು ಅಂಜಿ ಕೆಲಸ ಬಿಡಲಿಲ್ಲ. ಅದೇ ವರ್ಷ ತರಬೇತಿ ಪಡೆದ ಮಸಾಜ್ ದಾದಿಯರ ಸಂಘವನ್ನು ಸ್ಥಾಪಿಸಿದರು. ಪರೀಕ್ಷೆಯನ್ನಿಟ್ಟರು, ನಿಯಮಗಳನ್ನು ಬರೆದರು. ವೈದ್ಯರ ಸೂಚನೆಯಿಲ್ಲದೆ ಗಂಡಸರಿಗೆ ಮಸಾಜ್ ಮಾಡಕೂಡದು, ವೈದ್ಯಪತ್ರಿಕೆಗಳಲ್ಲಲ್ಲದೆ ಜಾಹೀರಾತು ಕೊಡಕೂಡದು, ರೋಗಿಗಳಿಗೆ ಔಷಧ ಮಾರಕೂಡದು ಎಂಬುವು ಅವುಗಳಲ್ಲಿ ಕೆಲವು. ೧೯೨೦ರಲ್ಲಿ ಅದಕ್ಕೆ ರಾಜಮನ್ನಣೆ ದೊರೆಯಿತು. ಇಂದು ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರ ಸಂಘವೆಂದು ಹೆಸರಾಗಿರುವುದು ಅದೇ ಸಂಸ್ಥೆ. ಕೆಟ್ಟ ಹೆಸರನ್ನು ತೊಳೆದದ್ದು ಭಾಷಣವಲ್ಲ. ಪಾಠ, ಪರೀಕ್ಷೆ ಮತ್ತು ಶಿಸ್ತು.

ನಮ್ಮ ಮಕ್ಕಳಿಗೆ ಇಲ್ಲಿ ಯಾವ ದಾರಿಗಳಿವೆ? ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಫಿಸಿಯೋಥೆರಪಿ ಪದವಿಯೇ ಭದ್ರವಾದ ಮಾರ್ಗ. ನಾಲ್ಕು ವರ್ಷಕ್ಕೂ ಮೀರಿದ ಈ ವ್ಯಾಸಂಗಕ್ಕೆ ಮೈಸೂರಿನ ಜೆಎಸ್‌ಎಸ್ ಕಾಲೇಜಿನಲ್ಲಿ ಅವಕಾಶವಿದೆ. ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ ಅವರು ೧೮೮೦ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ತೆರೆದ ಔಷಧಾಲಯದಿಂದ ಬೆಳೆದ ಫಾದರ್ ಮುಲ್ಲರ್ ಸಂಸ್ಥೆಯಲ್ಲಿಯೂ ಈ ಕಾಲೇಜು ನಡೆಯುತ್ತಿದೆ. ಪ್ರಕೃತಿ ಚಿಕಿತ್ಸೆಯ ಪದವಿಯಲ್ಲಿ ಅಂಗಮರ್ದನವೂ ಪಾಠದ ಭಾಗ. ಉಜಿರೆಯ ಎಸ್‌ಡಿಎಂ ಕಾಲೇಜು ೧೯೮೯ರಿಂದ ಇದನ್ನು ಕಲಿಸುತ್ತಿದೆ. ಆಯುರ್ವೇದದಲ್ಲಿ ಅಭ್ಯಂಗವು ಪಂಚಕರ್ಮಕ್ಕೆ ಮೊದಲು ಮಾಡುವ ಪೂರ್ವಕರ್ಮಗಳಲ್ಲೊಂದು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ೧೯೦೮ರಷ್ಟು ಹಳೆಯದು. ವೈದ್ಯರಾಗಲು ಸಾಧ್ಯವಾಗದವರಿಗೆ, ವೈದ್ಯರ ಕೈಕೆಳಗೆ ದುಡಿಯುವ ಪಂಚಕರ್ಮ ಸಹಾಯಕರ ತರಬೇತಿಗಳುಂಟು. ಕೇಂದ್ರ ಸರ್ಕಾರದ ಕೌಶಲ ಯೋಜನೆಯಡಿ ಸ್ಪಾ ಥೆರಪಿಸ್ಟ್ ಹುದ್ದೆಗೂ ಮಾನದಂಡವನ್ನು ಗೊತ್ತುಪಡಿಸಲಾಗಿದೆ. ಕಡಿಮೆ ಓದಿದವರಿಗೆ ಅದೊಂದು ಬಾಗಿಲು. ಆದರೆ ಅಲ್ಪಾವಧಿಯ ತರಬೇತಿ ಪಡೆದವರು ಆರೋಗ್ಯವಂತರ ದಣಿವನ್ನು ಕಳೆಯಬಹುದೇ ಹೊರತು ರೋಗಕ್ಕೆ ಚಿಕಿತ್ಸೆ ನೀಡುವ ಅಧಿಕಾರವನ್ನು ಪಡೆದಂತಾಗುವುದಿಲ್ಲ. ಈ ಗೆರೆಯನ್ನು ದಾಟದಿರುವುದೇ ವೃತ್ತಿಧರ್ಮ.

ಶುಲ್ಕ ಕಟ್ಟುವ ಮುನ್ನ ತಂದೆತಾಯಂದಿರು ಸ್ವತಃ ಹೋಗಿ ಸಂಸ್ಥೆಯನ್ನು ನೋಡಿಬರಬೇಕು. ಶರೀರರಚನೆಯನ್ನು ಯಾರು ಕಲಿಸುತ್ತಾರೆ, ಅವರ ವಿದ್ಯಾರ್ಹತೆಯೇನು? ಪ್ರತಿಯೊಬ್ಬರಿಗೂ ಎಷ್ಟು ಗಂಟೆಗಳ ಪ್ರತ್ಯಕ್ಷ ಅಭ್ಯಾಸ ದೊರೆಯುತ್ತದೆ? ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು, ಅದಕ್ಕೆ ಸರ್ಕಾರದ ಮಾನ್ಯತೆ ಇದೆಯೇ? ಹಿಂದಿನ ತಂಡದವರು ಈಗ ಎಲ್ಲಿ ದುಡಿಯುತ್ತಿದ್ದಾರೆ? ಹೆಂಗಸರಿಗೆ ಹೆಂಗಸರೇ ಎಂಬ ನಿಯಮವಿದೆಯೇ? ಮೈ ಮುಟ್ಟುವ ಮೊದಲು ಒಪ್ಪಿಗೆ ಕೇಳಲು, ಅನುಚಿತವಾಗಿ ನಡೆದುಕೊಳ್ಳುವವರಿಗೆ 'ಇಲ್ಲ' ಎಂದು ಹೇಳಿ ಹೊರಬರಲು ಕಲಿಸುತ್ತಾರೆಯೇ? ಇವುಗಳಿಗೆ ನೇರ ಉತ್ತರ ದೊರೆಯದ ಕಡೆಗೆ ಮಗಳನ್ನಾಗಲಿ ಮಗನನ್ನಾಗಲಿ ಕಳುಹಿಸಕೂಡದು.

ವಿದೇಶದ ಆಸೆ ತೋರಿಸುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ೧೯೮೩ರ ವಲಸೆ ಕಾಯಿದೆಯ ಪ್ರಕಾರ ಕೆಲಸಕ್ಕೆ ಜನರನ್ನು ಹೊರದೇಶಕ್ಕೆ ಕಳುಹಿಸುವ ದಳ್ಳಾಳಿಯು ಸರ್ಕಾರದಲ್ಲಿ ನೋಂದಾಯಿತನಾಗಿರಲೇಬೇಕು. ನೋಂದಣಿ ಸಂಖ್ಯೆಯನ್ನು ಕೇಳುವುದು ಸಂಶಯಬುದ್ಧಿಯಲ್ಲ, ತಾಯ್ತಂದೆಯರ ಹಕ್ಕು. ಹೋದ ಮೇಲೆ ಮನೆಗೆಲಸಕ್ಕೋ ಇನ್ನೂ ಕೆಟ್ಟ ಸ್ಥಿತಿಗೋ ತಳ್ಳಲ್ಪಡುವುದಕ್ಕಿಂತ, ಹೋಗುವ ಮುನ್ನ ಕೂಲಿ, ಕೆಲಸದ ವೇಳೆ, ವಸತಿಗಳನ್ನು ಬರವಣಿಗೆಯಲ್ಲಿ ಪಡೆಯುವುದು ಲೇಸು.

ಕಡೆಯದಾಗಿ, ಮರ್ಯಾದೆ ಕೊಡಬೇಕಾದವರು ನಾವೂ ಹೌದು. ಕಬ್ಬು ಕಡಿದು ಸೊಂಟ ಹಿಡಿದವನು, ಲಕ್ವ ಹೊಡೆದು ಹಾಸಿಗೆ ಹಿಡಿದ ತಾಯಿ, ನೆಲಕ್ಕೆ ಕಾಲೂರಲಾಗದ ಮಗು, ಇವರೆಲ್ಲರೂ ಪಳಗಿದ ಕೈಯೊಂದಕ್ಕಾಗಿ ಕಾದಿದ್ದಾರೆ. ಆ ಕೈಗೆ ನ್ಯಾಯವಾದ ಕೂಲಿ ಕೊಡಲು ಹಿಂಜರಿದು, ಆ ಮನೆಯಿಂದ ಹೆಣ್ಣು ತರಲು ಮೀನಮೇಷ ಎಣಿಸುವ ನಾವೇ ಆ ವೃತ್ತಿಯನ್ನು ಕೀಳಾಗಿಸುತ್ತಿದ್ದೇವೆ. ನಮ್ಮ ಕೇರಿಯಲ್ಲಿ ಎಣ್ಣೆ ನೀವುವ ಅಜ್ಜಿಯೊಬ್ಬರು ಇನ್ನೂ ಇದ್ದರೆ, ಕಲಿಯಲು ಹೊರಟ ಮೊಮ್ಮಗಳನ್ನು ಮೊದಲು ಅವರ ಬಳಿ ಕೂರಿಸಿ. ಕೈಯ ಹದವನ್ನು ಅವರಿಂದ ಕಲಿಯಲಿ. ಅದರ ಕಾರಣವನ್ನು ಕಾಲೇಜಿನಲ್ಲಿ ಕಲಿತುಬಂದು, ಅಜ್ಜಿಗೂ ಹೇಳಿಕೊಡಲಿ.