ನಿದ್ರಿಸುವ ಯಂತ್ರ, ಉಳಿಯುವ ವಿದ್ಯುತ್ತು

ವಿಜಯಪುರ ನಗರದ ಒಣದ್ರಾಕ್ಷಿ ವಹಿವಾಟಿನಲ್ಲಿ ತಿಕೋಟಾ, ಬಬಲೇಶ್ವರ ಭಾಗದ ತೋಟಗಳ ಪಾತ್ರ ಹಿರಿದು. ಬೇಸಿಗೆಯ ಆರಂಭದಲ್ಲಿ ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಲಾಗುತ್ತದೆ. ಅಕಾಲಿಕ ಮಳೆಯಾಗಿ ತೇವ ಏರಿದರೆ ಸರಕು ಕಪ್ಪಾಗುತ್ತದೆ, ದರ ಕುಸಿಯುತ್ತದೆ. ಆದುದರಿಂದ ಶೆಡ್ಡಿನ ಉಷ್ಣತೆ ಹಾಗೂ ತೇವಾಂಶವನ್ನು ದಾಖಲಿಸಿ ಮೊಬೈಲಿಗೆ ತಿಳಿಸುವ ಉಪಕರಣಗಳ ಕುರಿತು ವರ್ತಕರು ವಿಚಾರಿಸುವುದು ಸಹಜ. ಇಂತಹ ಕೆಲವು ಉಪಕರಣಗಳೊಳಗೆ ಲಿನಕ್ಸ್ ತಂತ್ರಾಂಶದ ಪುಟ್ಟ ಬೋರ್ಡು ಇರುತ್ತದೆ. ತಂತಿ ತಲುಪದ ಹೊಲದಲ್ಲಿ ಅದಕ್ಕೆ ಬ್ಯಾಟರಿಯೇ ಆಧಾರ.

ಲೆಕ್ಕವನ್ನು ಉದಾಹರಣೆಯಿಂದ ನೋಡಬಹುದು. ಬೋರ್ಡು ಎಚ್ಚರವಿದ್ದಾಗ 2 ವ್ಯಾಟ್ ಬಳಸಿದರೆ ದಿನದ ಖರ್ಚು 48 ವ್ಯಾಟ್-ಗಂಟೆ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 84. ಅದರ ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿದರೆ 42. ಅದು ಒಂದು ದಿನಕ್ಕೂ ಸಾಲದು. ಅದೇ ಬೋರ್ಡು 15 ನಿಮಿಷಕ್ಕೊಮ್ಮೆ ಒಂದು ನಿಮಿಷ ಎಚ್ಚೆತ್ತು, ಉಳಿದ ವೇಳೆ 0.05 ವ್ಯಾಟ್‌ನಲ್ಲಿ ನಿದ್ರಿಸಿದರೆ ದಿನದ ಖರ್ಚು ಸುಮಾರು 4.3 ವ್ಯಾಟ್-ಗಂಟೆ. ಅದೇ ಬ್ಯಾಟರಿ ಒಂಬತ್ತು ದಿನಕ್ಕೂ ಮಿಕ್ಕಿ ಬರುತ್ತದೆ. ಸೌರಫಲಕವೂ ಚಿಕ್ಕದು ಸಾಕು.

ನಿದ್ರೆಯ ವಿಧಾನ ಹೀಗಿದೆ. ಲಿನಕ್ಸ್ ಮೊದಲು ನಡೆಯುತ್ತಿರುವ ಕಾರ್ಯಗಳನ್ನು ಸ್ತಬ್ಧಗೊಳಿಸುತ್ತದೆ, ಬಳಿಕ ಉಪಾಂಗಗಳನ್ನು ಒಂದೊಂದಾಗಿ ವಿರಮಿಸುತ್ತದೆ, ಕೊನೆಗೆ ಪ್ರೊಸೆಸರನ್ನು ನಿಲ್ಲಿಸುತ್ತದೆ. ಮೆಮೊರಿ ಮಾತ್ರ ಅತ್ಯಲ್ಪ ವಿದ್ಯುತ್ತಿನಲ್ಲಿ ತನ್ನ ಮಾಹಿತಿಯನ್ನು ಕಾಯ್ದುಕೊಳ್ಳುತ್ತದೆ. ಎಚ್ಚರಿಸುವ ಹೊಣೆ ಬೋರ್ಡಿನ ಗಡಿಯಾರದ ಅಲಾರಾಂ, ಗುಂಡಿ ಅಥವಾ ಸಂವೇದಕದ ಸಂಕೇತದ್ದು. ಎಚ್ಚೆತ್ತ ಯಂತ್ರ ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಸುತ್ತದೆ.

ಬ್ಯಾಟರಿಯ ಲಿನಕ್ಸ್ ಯಂತ್ರ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿಯೇ ಪ್ರಕಟವಾಗಿತ್ತು.

ಎಲ್ಲ ಬೋರ್ಡುಗಳೂ ಒಂದೇ ತೆರನಾಗಿ ನಿದ್ರಿಸುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು. ರಾಸ್ಪ್‌ಬೆರಿ ಪೈ 4 ಹಾಗೂ ಅದಕ್ಕೂ ಹಿಂದಿನ ಮಾದರಿಗಳಲ್ಲಿ ಈ ಬಗೆಯ ನಿದ್ರೆಯಿಲ್ಲ, ಸ್ವಂತ ಗಡಿಯಾರವೂ ಇಲ್ಲ. 2023ರ ಪೈ 5ರಲ್ಲಿ ಗಡಿಯಾರವಿದೆ. ಪೂರ್ಣವಾಗಿ ಆರಿಸಿ ನಿಗದಿತ ವೇಳೆಗೆ ಮರಳಿ ಆರಂಭಿಸಬಹುದು. ಆದರೆ ಅದು ನಿದ್ರೆಯಲ್ಲ, ಪ್ರತಿ ಸಲವೂ ಹೊಸ ಆರಂಭ.

ಖರೀದಿಗೆ ಮುನ್ನ ಮಾರಾಟಗಾರರಿಂದ ನಾಲ್ಕು ಅಂಶಗಳನ್ನು ಬರಹದಲ್ಲಿ ಪಡೆಯುವುದು ಲೇಸು: ಎಚ್ಚರದ ಮತ್ತು ನಿದ್ರೆಯ ಬಳಕೆ ಪ್ರತ್ಯೇಕವಾಗಿ ಎಷ್ಟು? ಆ ಅಂಕಿಯಲ್ಲಿ ಮೋಡೆಮ್ ಹಾಗೂ ಸಂವೇದಕಗಳ ಬಳಕೆಯೂ ಸೇರಿದೆಯೇ? ಯಂತ್ರ ಏಳದೆ ಹೋದರೆ ತಾನಾಗಿ ಮರುಚಾಲನೆಗೊಳಿಸುವ ಕಾವಲು ವ್ಯವಸ್ಥೆ ಉಂಟೇ? ನೆಟ್‌ವರ್ಕ್ ಇಲ್ಲದ ವೇಳೆಯ ದಾಖಲೆ ಉಳಿಯುವುದೇ?

ಮೂರನೆಯದು ಅತಿ ಮುಖ್ಯ. ಉಪಕರಣವಿಲ್ಲದ ಶೆಡ್ಡಿಗೆ ಮಾಲೀಕನು ತಾನೇ ಹೋಗಿ ನೋಡುತ್ತಾನೆ. ಮಲಗಿ ಏಳದ ಉಪಕರಣವನ್ನು ನಂಬಿದವನು ಮನೆಯಲ್ಲಿಯೇ ಉಳಿಯುತ್ತಾನೆ. ಸಂದೇಶ ಬಾರದಿರುವುದನ್ನೇ ಅಪಾಯದ ಸೂಚನೆಯೆಂದು ತಿಳಿಸುವ ಏರ್ಪಾಡು ಅವಶ್ಯ.

ಉಷ್ಣತೆ, ತೇವಾಂಶ ಎರಡೇ ಸಾಕೆನ್ನುವವರಿಗೆ ಲಿನಕ್ಸ್ ಬೋರ್ಡಿನ ಅಗತ್ಯವೇ ಇಲ್ಲ. ಸರಳ ಮೈಕ್ರೋಕಂಟ್ರೋಲರ್ ಇನ್ನೂ ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಬೆಲೆಗೆ ಆ ಕೆಲಸ ಮಾಡುತ್ತದೆ. ಕ್ಯಾಮೆರಾ ಅಥವಾ ಸ್ಥಳದಲ್ಲೇ ಮಾಹಿತಿ ವಿಶ್ಲೇಷಣೆ ಬೇಕಾದಲ್ಲಿ ಮಾತ್ರ ಲಿನಕ್ಸ್ ಬೋರ್ಡಿನ ಹೆಚ್ಚುವರಿ ವೆಚ್ಚ ಸಮರ್ಥನೀಯ.