ಕಳಿಸಿದವರು ಯಾರು, ಬರೆದವರು ಯಾರು?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಗಲ್ಲು ಶಾಸನವಿದೆ. 1891ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆಹಚ್ಚಿದರು. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂಬ ಅದರ ಉಪದೇಶ ಹೆಸರುವಾಸಿ. ನನಗೆ ಅದರಷ್ಟೇ ಮುಖ್ಯವೆನಿಸುವುದು ಮೊದಲ ಮತ್ತು ಕೊನೆಯ ಮಾತು. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು ಎಂದು ಶಾಸನ ಶುರುವಾಗುತ್ತದೆ. ಬರೆದವನು ಲಿಪಿಕಾರ ಚಪಡ ಎಂದು ಮುಗಿಯುತ್ತದೆ. ಯಾರ ಮಾತು, ಯಾರ ಮೂಲಕ ಬಂತು, ಯಾರಿಗೆ, ಯಾರ ಕೈಬರಹ, ಎಲ್ಲವೂ ಕಲ್ಲಿನ ಮೇಲಿದೆ.

ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬರುವ ಸಂದೇಶಕ್ಕೆ ಈ ಗುರುತುಗಳಿಲ್ಲ. ಗೂಢಲಿಪಿಯಲ್ಲಿ ಸಾಗುವುದರಿಂದ ಕಂಪನಿಯೂ ಅದನ್ನು ಓದಲಾರದು. ಎಷ್ಟು ಕೈ ದಾಟಿತೆಂಬ ಎಣಿಕೆ ಮಾತ್ರ ಜೊತೆಯಲ್ಲಿ ಬರುತ್ತದೆ. ಐದಕ್ಕೆ ಮುಟ್ಟಿದರೆ ಜೋಡಿ ಬಾಣ ಕಾಣುತ್ತದೆ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಬೀದರ್ ಜಿಲ್ಲೆಯಲ್ಲಿ ಒಬ್ಬ ಅಮಾಯಕನನ್ನು ಕೊಂದಿತು. ಅದೇ ತಿಂಗಳು ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಪ್ರಕಟವಾಯಿತು. ಆದರೂ ಲೆಕ್ಕ ಹಾಕಿ ನೋಡಿ: ಪ್ರತಿಯೊಬ್ಬರೂ ಐವರಿಗೆ ಕಳಿಸಿದರೆ ಆರನೇ ಸುತ್ತಿಗೆ 15,625 ಜನ. ಐವರಲ್ಲಿ ನಾಲ್ವರು ತಡೆದು ಒಬ್ಬರಷ್ಟೇ ಕಳಿಸಿದರೆ ಆರನೇ ಸುತ್ತಿನಲ್ಲೂ ಐದೇ ಜನ. ಸಾಂಕ್ರಾಮಿಕ ರೋಗದ ಗಣಿತವೂ ಇದೇ.

ಹೀಗೆ ತಡೆದು ಯೋಚಿಸುವುದನ್ನು ದೊಡ್ಡವರಿಗೆ ಕಲಿಸುವುದು ಹೇಗೆ? ವಯಸ್ಕರು ಕಲಿಯುವುದು ತಮ್ಮ ಅನುಭವಕ್ಕೆ, ಎದುರಿಗಿರುವ ಸಮಸ್ಯೆಗೆ ಪಾಠ ತಗುಲಿದಾಗ ಎಂದು ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ ಹೇಳಿದರು. ಮೊಳಕಾಲ್ಮುರಿನ ರೇಷ್ಮೆ ಸೀರೆಗೂ ಎಲ್ಲಿಯದೆಂದು ಹೇಳುವ ಗುರುತಿದೆ, ಭೌಗೋಳಿಕ ಸೂಚಕದ ಮಾನ್ಯತೆ. ಅಲ್ಲಿನ ನೇಕಾರರನ್ನು ಕೇಳಬೇಕು: ಮಗ್ಗದ ಮೇಲಿರುವ ನಿಮ್ಮ ಹೊಸ ಸೀರೆಯ ಫೋಟೊವನ್ನು ಯಾರೋ ಕೇಳದೆ ತೆಗೆದು ಗ್ರೂಪಿಗೆ ಹಾಕಿದರೆ? ಆ ಸಿಟ್ಟಿನಲ್ಲೇ ಅರ್ಧ ಪಾಠವಿದೆ. ಪಕ್ಕದ ಮನೆಯ ಹುಡುಗಿಯ ಫೋಟೊವನ್ನು ಕೇಳದೆ ಹಂಚುವ ವಿಷಯಕ್ಕೆ ಅಲ್ಲಿಂದ ದೂರವಿಲ್ಲ.

ಕಲಿಸುವವರು ಯಾರು? ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಊರಿಗೆ ಮರಳುವ ಆ ಶಿಕ್ಷಕರು ಸಂಜೆ ಸ್ವಸಹಾಯ ಸಂಘದವರ ಜೊತೆ ಒಂದು ಗಂಟೆ ಕೂರಲಿ ಎಂಬುದು ನನ್ನ ಆಸೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಮೋಸವಾದರೆ 1930ಕ್ಕೆ ಕರೆ ಮಾಡಿ: ಇಷ್ಟನ್ನು ಬೇಗ ಹೇಳಿ ಮುಗಿಸಬಹುದು. ಕಷ್ಟದ ಪ್ರಶ್ನೆ ಬೇರೆ. ಓದಲು ಬಾರದ ಅತ್ತೆಯ ಪಿನ್ ಸೊಸೆಗೆ ಗೊತ್ತು. ಅತ್ತೆಗೆ ಪಿಂಚಣಿ ಎಷ್ಟು ಬಂತೆಂದು ಸೊಸೆ ಯಾರಿಗೆ ಹೇಳಬಹುದು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯೊಳಗಿನ ಖಾಸಗಿ ಬಳಕೆಗೆ ಅನ್ವಯಿಸುವುದಿಲ್ಲ. ಆದ್ದರಿಂದ ಈ ಪ್ರಶ್ನೆ ಅತ್ತೆ, ಸೊಸೆ ಇಬ್ಬರೂ ಕೂತಿರುವ ತರಗತಿಯಲ್ಲೇ ಬರಬೇಕು.